ಮೂವತ್ತೊಂದನೇ ಸ್ಥಾನ

ನನ್ನ ಬಲಗಾಲಿನೊಳಗೆ, ಮೊಣಕಾಲಿನಿಂದ ಪಾದದ ಗಂಟಿನ ತನಕ, ಒಂದು ಲೋಹದ ಸರಳಿದೆ. ಡೊಂಬಿವಲಿಯಲ್ಲಿ ಮಳೆ ಶುರುವಾಗುವ ಒಂದು ದಿನ ಮೊದಲೇ ಅದು ನನಗೆ ಸುದ್ದಿ ಮುಟ್ಟಿಸುತ್ತದೆ. ಟೀವಿಯ ಹವಾಮಾನ ವಾರ್ತೆಗಿಂತ ನಿಮ್ಮ ಕಾಲೇ ವಾಸಿ ಅಂತ ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ.

ಆಸ್ಟ್ರಿಯಾ ದೇಶದ ಹರ್ಮನ್ ಮೈಯರ್ ಎಂಬವನ ಬಲಗಾಲಿಗೂ ಇಂಥದ್ದೇ ಒಂದು ಸರಳು ಹಾಕಿದ್ದರು. ಅವನು ಬಿದ್ದದ್ದು ಮೋಟಾರ್ ಬೈಕಿನಿಂದ, ನಾನು ಬಿದ್ದದ್ದು ತಮ್ಮನ ಸ್ಕೂಟರಿನಿಂದ. ಹೋಲಿಕೆ ಅಲ್ಲಿಗೆ ಮುಗಿಯಿತು. ಅವನು ಹಿಮದ ಇಳಿಜಾರಿನಲ್ಲಿ ಜಗತ್ತಿನ ಎಲ್ಲರಿಗಿಂತ ಜೋರಾಗಿ ಇಳಿಯುತ್ತಿದ್ದವನು. ನಾನು ಬ್ಯಾಂಕಿನಲ್ಲಿ ಕೂತು ಇನ್ನೊಬ್ಬರ ಸಾಲದ ಅರ್ಜಿಯ ಮೇಲೆ ಷರಾ ಬರೆಯುವವನು. ಹಿಮವನ್ನು ಕಣ್ಣಾರೆ ಕಂಡದ್ದು ಒಂದೇ ಸಲ, ಎಲ್‌ಎಫ್‌ಸಿ ತೆಗೆದುಕೊಂಡು ಮನಾಲಿಗೆ ಹೋದಾಗ. ಬಾಡಿಗೆ ಕೋಟು, ಬಾಡಿಗೆ ಗಮ್‌ಬೂಟು ಹಾಕಿಕೊಂಡು ಹತ್ತು ನಿಮಿಷ ನಿಂತು, ಫೋಟೋ ತೆಗೆಸಿಕೊಂಡು, ಚಳಿ ಚಳಿ ಅಂತ ಕೆಳಗಿಳಿದು ಬಂದವನು. ಅಂಥವನಿಗೆ ಈ ಸ್ಕೀ ಓಟಗಾರನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಅದನ್ನೇ ಹೇಳಲಿಕ್ಕೆ ಹೊರಟಿದ್ದೇನೆ. ಸ್ವಲ್ಪ ಉದ್ದವಾದೀತು, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

1998ರ ಫೆಬ್ರವರಿ. ಕುಂದಾಪುರದ ಕಡೆಯಿಂದ ವರ್ಗವಾಗಿ ಮುಂಬಯಿಗೆ ಬಂದು ನನಗೆ ವರ್ಷ ತುಂಬಿರಲಿಲ್ಲ. ಡೊಂಬಿವಲಿ ಪೂರ್ವದಲ್ಲಿ ಒಂದು ರೂಮು, ಮೂವರು ಬ್ರಹ್ಮಚಾರಿಗಳು, ಮೂವರೂ ಬ್ಯಾಂಕಿನವರು. ಚಂದಾ ಹಾಕಿ ಒಂದು ಸೆಕೆಂಡ್‌ಹ್ಯಾಂಡ್ ಟೀವಿ ತಂದಿದ್ದೆವು. ಒಂದು ರಾತ್ರಿ, ಹುಬ್ಬಳ್ಳಿ ಕಡೆಯ ನಮ್ಮ ಗೆಳೆಯ ಕ್ರಿಕೆಟ್ ಹುಡುಕುತ್ತಾ ಚಾನೆಲ್ ತಿರುಗಿಸುತ್ತಿದ್ದಾಗ ಪರದೆ ಪೂರ್ತಿ ಬೆಳ್ಳಗಾಯಿತು. ನೋಡಿದರೆ, ಮೈಗಂಟಿದ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಗಾಳಿಯಲ್ಲಿ ಅಡ್ಡಡ್ಡ ಮಲಗಿಕೊಂಡು ಹೋಗುತ್ತಿದ್ದಾನೆ! ಕಾಲಿಗೆ ಉದ್ದುದ್ದ ಎರಡು ಪಟ್ಟಿ. ನೆಲಕ್ಕೆ ಅಪ್ಪಳಿಸಿದ, ಪಲ್ಟಿ ಹೊಡೆದ, ಒಂದು ಬಲೆಯ ಬೇಲಿ ಹರಿದುಕೊಂಡು ಹೋದ, ಎರಡನೆಯದನ್ನೂ ದಾಟಿ ಹೋಗಿ ಹಿಮದಲ್ಲಿ ಬಿದ್ದ.

"ಏ, ಸತ್ತ ನೋಡಪಾ ಇಂವ. ಮುಗೀತು," ಅಂದ ಗೆಳೆಯ.

ಸಾಯಲಿಲ್ಲ. ಎದ್ದು ನಿಂತು ಕೈ ಬೀಸಿದ. ಜಪಾನಿನ ನಾಗಾನೋ ಚಳಿಗಾಲದ ಒಲಿಂಪಿಕ್ಸ್, ಹಕುಬಾದ ಬೆಟ್ಟದಲ್ಲಿ ಪುರುಷರ ಡೌನ್‌ಹಿಲ್ ಸ್ಪರ್ಧೆ. ಅವತ್ತು 13ನೇ ತಾರೀಕು, ಶುಕ್ರವಾರ. ಬಿದ್ದವನು ಹರ್ಮನ್ ಮೈಯರ್. ಆ ಋತುವಿನಲ್ಲಿ ಅವನನ್ನು ಸೋಲಿಸುವವರು ಅಪರೂಪ. ಸೋಮವಾರ, ಅಂದರೆ 16ರಂದು, ಅದೇ ಮನುಷ್ಯ ಸೂಪರ್-ಜಿ ಎಂಬ ಇನ್ನೊಂದು ಸ್ಪರ್ಧೆಯಲ್ಲಿ ಚಿನ್ನ ಗೆದ್ದ. ಗುರುವಾರ 19ರಂದು ಜೈಂಟ್ ಸ್ಲಾಲಂನಲ್ಲಿ ಇನ್ನೊಂದು ಚಿನ್ನ. ಪೇಪರಿನಲ್ಲಿ ಇದನ್ನು ಓದಿದ ಮೇಲೆ ನಮ್ಮ ರೂಮಿನಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಯಾರಿಗಾದರೂ ಲೋಕಲ್ ತಪ್ಪಲಿ, ಮ್ಯಾನೇಜರರ ಬೈಗುಳ ಬೀಳಲಿ, ಹೆಣ್ಣು ನೋಡಲಿಕ್ಕೆ ಹೋಗಿ ಬೇಡ ಅನ್ನಿಸಿಕೊಂಡು ಬರಲಿ, ಹುಬ್ಬಳ್ಳಿಯವನದು ಒಂದೇ ಸಮಾಧಾನ. "ಇರಲಿ ತಗೋ, ಸೋಮವಾರ ನೋಡೂಣು."

(ಅದೇ ನಾಗಾನೋದಲ್ಲಿ ನಮ್ಮ ದೇಶದಿಂದ ಹೋದವನು ಒಬ್ಬನೇ ಒಬ್ಬ. ಮನಾಲಿ ಕಡೆಯ ಶಿವ ಕೇಶವನ್, ಹದಿನಾರು ವರ್ಷದ ಹುಡುಗ, ಲೂಜ್ ಎಂಬ ಜಾರುಬಂಡಿಯ ಆಟಕ್ಕೆ. ಅದು ಇನ್ನೊಂದು ದಿನದ ಕಥೆ.)

ಈ ಆಟ ಏನು ಅಂತ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಎರಡು ಜಾತಿ. ಒಂದು ತಾಂತ್ರಿಕ ಸ್ಪರ್ಧೆಗಳು, ಸ್ಲಾಲಂ ಮತ್ತು ಜೈಂಟ್ ಸ್ಲಾಲಂ. ಕಂಬಗಳ ನಡುವೆ ಹಾವಿನ ಹಾಗೆ ಸುತ್ತುತ್ತಾ ಇಳಿಯುವುದು, ಎರಡು ಓಟ. ಇನ್ನೊಂದು ವೇಗದ ಸ್ಪರ್ಧೆಗಳು, ಡೌನ್‌ಹಿಲ್ ಮತ್ತು ಸೂಪರ್-ಜಿ. ಇಲ್ಲಿ ಕಂಬಗಳು ದೂರ ದೂರ, ತಿರುವು ಕಡಿಮೆ, ಓಟ ಒಂದೇ. ಮೇಲಿನಿಂದ ಹೊರಟರೆ ಕೆಳಗೆ ಮುಟ್ಟುವುದು, ಇಲ್ಲವಾದರೆ ಬಲೆಗೆ. ಮೊದಲ ಓಟ ಹಾಳಾಯಿತು, ಎರಡನೆಯದರಲ್ಲಿ ಸರಿ ಮಾಡುತ್ತೇನೆ ಎನ್ನುವ ಮಾತೇ ಇಲ್ಲ.

ಡೌನ್‌ಹಿಲ್‌ಗಾದರೆ ಮೊದಲೇ ಅದೇ ಇಳಿಜಾರಿನಲ್ಲಿ ಅಭ್ಯಾಸದ ಓಟ ಸಿಗುತ್ತದೆ. ಸೂಪರ್-ಜಿಗೆ ಅದೂ ಇಲ್ಲ. ಬೆಳಿಗ್ಗೆ ನಿಧಾನಕ್ಕೆ ಅಡ್ಡಡ್ಡ ಜಾರುತ್ತಾ ಇಳಿದು ಎಲ್ಲಿ ತಿರುವು, ಎಲ್ಲಿ ದಿಬ್ಬ, ಎಲ್ಲಿ ನೆರಳು ಅಂತ ನೋಡಿ ತಲೆಯಲ್ಲಿ ಬರೆದುಕೊಳ್ಳಬೇಕು. ಓಟಕ್ಕೆ ಮುಂಚೆ ಈ ಜನ ಕಣ್ಣು ಮುಚ್ಚಿ, ಕೈಯನ್ನು ಗಾಳಿಯಲ್ಲಿ ಆಚೆ ಈಚೆ ಆಡಿಸುತ್ತಾ ನಿಲ್ಲುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಸಂಧ್ಯಾವಂದನೆ ಮಾಡುವವರ ನೆನಪಾಯಿತು. ಮನಸ್ಸಿನಲ್ಲೇ ಬೆಟ್ಟ ಇಳಿಯುವ ಕ್ರಮ ಅದು.

ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಊರಿನ ಸ್ಟ್ರೈಫ್ ಎಂಬ ಇಳಿಜಾರನ್ನೇ ತೆಗೆದುಕೊಳ್ಳಿ. ಉದ್ದ 3.3 ಕಿಲೋಮೀಟರ್, ಮೇಲಿಂದ ಕೆಳಕ್ಕೆ 860 ಮೀಟರ್ ಇಳಿತ. ನಮ್ಮ ಜೋಗ 253 ಮೀಟರ್. ಮೂರು ಜೋಗವನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಅಷ್ಟನ್ನು ಇವರು ಎರಡು ನಿಮಿಷದೊಳಗೆ ಇಳಿದುಬಿಡುತ್ತಾರೆ. 1997ರಲ್ಲಿ ಫ್ರಿಟ್ಸ್ ಸ್ಟ್ರೋಬಲ್ ಎಂಬವನು 1 ನಿಮಿಷ 51.58 ಸೆಕೆಂಡಿನಲ್ಲಿ ಇಳಿದ. ಶುರುವಿನಲ್ಲೇ ಒಂದು ಕಡಿದಾದ ಜಾಗ, ನೂರು ಅಡಿ ಮುಂದೆ ಹೋದರೆ ಎಂಬತ್ತೈದು ಅಡಿ ಕೆಳಗೆ. ಅದಕ್ಕೆ ಅವರ ಭಾಷೆಯಲ್ಲಿ ಇಲಿಬೋನು ಅಂತ ಹೆಸರು. ಸ್ವಿಟ್ಸರ್‌ಲೆಂಡಿನ ವೆಂಗೆನ್‌ನಲ್ಲಿ 2013ರಲ್ಲಿ ಯೊಹಾನ್ ಕ್ಲಾರೆ ಎಂಬ ಫ್ರೆಂಚಿನವನು ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ್ದ. ನಮ್ಮ ಫಾಸ್ಟ್ ಲೋಕಲ್ ಜೀವ ಬಿಟ್ಟು ಓಡಿದರೂ ಅಷ್ಟಾಗುವುದಿಲ್ಲ. ಇಲ್ಲಿ ಸುತ್ತ ಡಬ್ಬಿಯೂ ಇಲ್ಲ, ಹಿಡಿದುಕೊಳ್ಳಲು ಸರಪಳಿಯೂ ಇಲ್ಲ.

ಗೆಲುವು ಸೋಲಿನ ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಆ ನೂರನೇ ಭಾಗ ಅಂದರೆ ಸುಮಾರು ಒಂದು ಅಡಿ. ಮೂರು ಕಿಲೋಮೀಟರ್ ಇಳಿದು ಒಂದು ಅಡಿಗೆ ಸೋಲುವುದು! ಹಿಂದೆ ನಮ್ಮ ಶಾಖೆಗಳಲ್ಲಿ ಕ್ಯಾಶ್ ಟ್ಯಾಲಿ ಆಗದೆ ಐವತ್ತು ಪೈಸೆಗಾಗಿ ರಾತ್ರಿ ಒಂಬತ್ತರ ತನಕ ಕೂತವರಿಗೆ ಈ ಸಂಕಟ ಗೊತ್ತಾದೀತು.

ಇನ್ನು ಮೈಯರ್‌ನ ಕಥೆ. 1972ರ ಡಿಸೆಂಬರ್‌ನಲ್ಲಿ ಹುಟ್ಟಿದವನು, ಬೆಳೆದದ್ದು ಸಾಲ್ಸ್‌ಬರ್ಗ್ ಸೀಮೆಯ ಫ್ಲಾಖೌ ಎಂಬ ಹಳ್ಳಿಯಲ್ಲಿ. ಅಪ್ಪ ಅಲ್ಲೇ ಸ್ಕೀ ಕಲಿಸುವ ಶಾಲೆ ನಡೆಸುತ್ತಿದ್ದ. ಹುಡುಗನನ್ನು ದೊಡ್ಡ ಸ್ಕೀ ವಿದ್ಯಾಲಯಕ್ಕೆ ಸೇರಿಸಿದರು. ಹದಿನೈದನೇ ವಯಸ್ಸಿಗೆ ಮನೆಗೆ ವಾಪಸ್. ಮೈಕಟ್ಟು ಸಣ್ಣದು, ಬೆಳೆಯುವ ವಯಸ್ಸಿನಲ್ಲಿ ಬರುವ ಮೊಣಕಾಲು ನೋವು ಬೇರೆ. ಆಸ್ಟ್ರಿಯಾದಲ್ಲಿ ಸ್ಕೀ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ, ಗಲ್ಲಿಗೊಬ್ಬ ಆಟಗಾರ. ಒಮ್ಮೆ ಸಾಲಿನಿಂದ ಹೊರಗೆ ಬಿದ್ದವನನ್ನು ಕೇಳುವವರಿಲ್ಲ.

ಹುಡುಗ ಗಾರೆ ಕೆಲಸ ಕಲಿತ. ಬೇಸಿಗೆಯಲ್ಲಿ ಇಟ್ಟಿಗೆ ಕಟ್ಟುವುದು, ಚಳಿಗಾಲದಲ್ಲಿ ಅಪ್ಪನ ಶಾಲೆಯಲ್ಲಿ ಪ್ರವಾಸಿಗರಿಗೆ ಸ್ಕೀ ಹೇಳಿಕೊಡುವುದು. ಇಟ್ಟಿಗೆ, ಸಿಮೆಂಟು ಹೊತ್ತು ಹೊತ್ತು ಮೈ ಬಂತು. ವರ್ಷಗಳು ಹೋದವು. 1996ರ ಜನವರಿಯಲ್ಲಿ ಅವನ ಊರಲ್ಲೇ ವಿಶ್ವಕಪ್ಪಿನ ಜೈಂಟ್ ಸ್ಲಾಲಂ ನಡೆಯಿತು. ನಿಜವಾದ ಸ್ಪರ್ಧೆಗೆ ಮುಂಚೆ ದಾರಿ ಪರೀಕ್ಷಿಸಲು ಕೆಲವರನ್ನು ಇಳಿಸುತ್ತಾರೆ. ಅವರ ಸಮಯ ಲೆಕ್ಕಕ್ಕಿಲ್ಲ, ಹೆಸರು ಪಟ್ಟಿಯಲ್ಲಿಲ್ಲ. ಆ ಕೆಲಸಕ್ಕೆ ಮೈಯರ್ ಹೋದ. ಇಳಿದ ಸಮಯ ನೋಡಿದರೆ, ಸ್ಪರ್ಧೆಯಲ್ಲಿ ಇದ್ದಿದ್ದರೆ ಹನ್ನೆರಡನೇ ಸ್ಥಾನ! ಅಲ್ಲಿಂದ ತಂಡಕ್ಕೆ ಕರೆ ಬಂತು. ಆಗಲೇ ಇಪ್ಪತ್ತಮೂರು ವಯಸ್ಸು. 1997ರ ಫೆಬ್ರವರಿಯಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಸೂಪರ್-ಜಿ ಗೆದ್ದ. ಅದು ವಿಶ್ವಕಪ್ಪಿನ ಮೊದಲ ಗೆಲುವು. ಸರಿಯಾಗಿ ಒಂದು ವರ್ಷಕ್ಕೆ ನಾಗಾನೋ.

ಆಮೇಲಿನದು ಅಂಕಿಸಂಖ್ಯೆಯ ಸುಗ್ಗಿ. 1998, 2000, 2001ರಲ್ಲಿ ವಿಶ್ವಕಪ್ಪಿನ ಒಟ್ಟಾರೆ ಪ್ರಶಸ್ತಿ. 1999ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಡೌನ್‌ಹಿಲ್, ಸೂಪರ್-ಜಿ ಎರಡೂ ಚಿನ್ನ. ಒಂದು ಸ್ಪರ್ಧೆ ಗೆದ್ದರೆ ನೂರು ಅಂಕ, ಎರಡನೇ ಸ್ಥಾನಕ್ಕೆ ಎಂಬತ್ತು, ಹೀಗೆ ಮೂವತ್ತನೇ ಸ್ಥಾನದ ತನಕ. 2000ನೇ ಇಸವಿಯಲ್ಲಿ ಮುಗಿದ ಋತುವಿನಲ್ಲಿ ಅವನ ಅಂಕ ಸರಿಯಾಗಿ 2000. ಬ್ಯಾಲೆನ್ಸ್ ಶೀಟಿನಲ್ಲಿ ಇಷ್ಟು ದುಂಡಗಿನ ಸಂಖ್ಯೆ ಕಂಡರೆ ನಮ್ಮ ಆಡಿಟರಿಗೆ ಖಂಡಿತ ಅನುಮಾನ ಬರುತ್ತಿತ್ತು. 2023ರಲ್ಲಿ ಸ್ವಿಸ್ಸಿನ ಮಾರ್ಕೊ ಓಡರ್ಮಾಟ್ 2042 ಅಂಕ ಗಳಿಸುವ ತನಕ ಪುರುಷರಲ್ಲಿ ಅದೇ ದಾಖಲೆಯಾಗಿತ್ತು.

ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ ಬಿಡಿ. ನಾಗಾನೋ ಮುಗಿದ ಮೇಲೆ ಮೈಯರ್ ನನ್ನ ತಲೆಯಿಂದ ಹೊರಟೇಹೋಗಿದ್ದ. ಮದುವೆ, ಮಗಳು, ಪ್ರಮೋಷನ್, ಮನೆ ಸಾಲ. ರೂಮಿನ ಗೆಳೆಯರೂ ಚದುರಿದರು. "ಸೋಮವಾರ ನೋಡೂಣು" ಎನ್ನುವ ಮಾತು ಮಾತ್ರ ಉಳಿದಿತ್ತು, ಅದು ಎಲ್ಲಿಂದ ಬಂತು ಎನ್ನುವುದು ಮರೆತಿತ್ತು.

2018ರ ಜುಲೈ. ಕುಟುಂಬದ ಒಂದು ಕಾರ್ಯಕ್ಕೆಂದು ಊರಿಗೆ ಹೋಗಿದ್ದೆ. ಸಂಜೆ ತಮ್ಮನ ಸ್ಕೂಟರ್ ತೆಗೆದುಕೊಂಡು ಪೇಟೆಗೆ ಹೋಗಿ ವಾಪಸ್ ಬರುವಾಗ ಹ್ಯಾಂಡಲಿಗೆ ತೆಂಗಿನಕಾಯಿಯ ಚೀಲ ತೂಗುಹಾಕಿದ್ದೆ. ಮಳೆಗೆ ನೆನೆದ ಕೆಂಪು ಮಣ್ಣಿನ ತಿರುವು, ಚೀಲ ಒಂದು ಕಡೆಗೆ ವಾಲಿತು, ನಾನು ಇನ್ನೊಂದು ಕಡೆಗೆ. ವೇಗ ಇಪ್ಪತ್ತೂ ಇದ್ದಿರಲಿಕ್ಕಿಲ್ಲ. ಯಾರದ್ದೂ ತಪ್ಪಲ್ಲ, ನನ್ನದೇ. ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದಿತ್ತು. ಆಪರೇಷನ್ ಆಯಿತು, ಸರಳು ಬಂತು. ಮೂರು ವಾರ ಊರಿನಲ್ಲಿ ಅಮ್ಮನ ಆರೈಕೆ, ಆಮೇಲೆ ಡೊಂಬಿವಲಿಯಲ್ಲಿ ವಾಕರ್, ಅದಾದ ಮೇಲೆ ಊರುಗೋಲು.

ನಾಲ್ಕು ತಿಂಗಳಿಗೆ ಡಾಕ್ಟರು ಎಕ್ಸ್‌ರೇ ನೋಡಿ, "ಎಲುಬು ಕೂಡಿದೆ, ಇನ್ನು ಆರಾಮಾಗಿ ಓಡಾಡಿ," ಅಂದರು. ಡ್ಯೂಟಿಗೆ ಹಾಜರಾದೆ. ಆದರೆ ಟ್ರೇನಿನಲ್ಲಿ ಅಲ್ಲ. ದಿನಾ ಕಾರು ಗೊತ್ತು ಮಾಡಿಕೊಂಡು, ಎರಡೆರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು. ಕೇಳಿದವರಿಗೆಲ್ಲ "ಇನ್ನೂ ಆರು ತಿಂಗಳು ಲೋಕಲ್ ಹತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ," ಅನ್ನುತ್ತಿದ್ದೆ. ಮನೆಯಲ್ಲಿ ಒಮ್ಮೆ ಹಾಗೆ ಹೇಳಿದಾಗ ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು, "ಡಾಕ್ಟ್ರು ಯಾವಾಗ ಹೇಳಿದ್ದು ಹಾಗೆ? ನಾನೂ ಅಲ್ಲೇ ಕೂತಿದ್ದೆ ಅಲ್ದಾ?"

ನಾನು ಉತ್ತರ ಕೊಡಲಿಲ್ಲ. ಇಪ್ಪತ್ತು ವರ್ಷ ಅದೇ ಸ್ಟೇಷನ್, ಅದೇ ಫಾಸ್ಟ್ ಲೋಕಲ್. ಟ್ರೇನ್ ನಿಲ್ಲುವ ಮೊದಲೇ ಹತ್ತುತ್ತಿದ್ದವನು ನಾನು. ಈಗ ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಆ ಒಂದು ಗೇಣಿನ ಸಂದು ನೆನಪಾದರೆ ಅಂಗೈ ಬೆವರುತ್ತಿತ್ತು. ಹಿಂದಿನಿಂದ ಜನ ನೂಕಿದರೆ? ಎಡಗಾಲು ಒಳಗೆ, ಬಲಗಾಲು ಹೊರಗೆ ಇರುವಾಗ ಟ್ರೇನ್ ಹೊರಟರೆ? ಕಾಲು ಗಟ್ಟಿಯಾಗಿತ್ತು. ಹೆದರಿದ್ದು ಕಾಲಲ್ಲ.

ಹತ್ತಿರದ ಶಾಖೆಗೆ ವರ್ಗ ಕೇಳಿದೆ, ಆಗಲಿಲ್ಲ. ಸ್ವಯಂನಿವೃತ್ತಿಯ ಅರ್ಜಿ ಟೈಪ್ ಮಾಡಿ ಕಪಾಟಿನ ಡ್ರಾಯರಿನಲ್ಲಿಟ್ಟೆ. ಎಕ್ಸೆಲ್ ಶೀಟಿನಲ್ಲಿ ಪಿಎಫ್, ಗ್ರಾಚ್ಯುಟಿ, ಉಳಿದ ಮನೆ ಸಾಲ, ಮಗಳ ಇಂಜಿನಿಯರಿಂಗ್ ಫೀಸು ಎಲ್ಲ ಹಾಕಿ ನೋಡಿದೆ. ಕೂಡಿದರೂ ಕಳೆದರೂ ನಾಲ್ಕು ವರ್ಷದ ಗುಂಡಿ ಉಳಿಯುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಶೀಟನ್ನು ತೆರೆಯುವುದು, ಒಂದು ಅಂಕಿ ಬದಲಾಯಿಸುವುದು, ಮುಚ್ಚುವುದು. ಸಾಲ ಕೊಡಬಾರದ ಪಾರ್ಟಿಗೆ ಹೇಗಾದರೂ ಸಾಲ ಕೊಡಬೇಕು ಅಂತ ಲೆಕ್ಕ ತಿದ್ದುವವನ ಹಾಗೆ.

ಆಗ ಒಂದು ಭಾನುವಾರ ಹುಬ್ಬಳ್ಳಿಯ ಗೆಳೆಯನ ಫೋನು. ಎಲ್ಲ ಕೇಳಿಸಿಕೊಂಡು ಅಂದ, "ಸೋಮವಾರ ನೋಡೂಣು ತಗೋ." ನನಗೆ ಸಿಟ್ಟು ಬಂತು. "ಸೋಮವಾರ ಅಲ್ಲ ಮಾರಾಯ, ಐದು ತಿಂಗಳಾಯಿತು," ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದ, "ಆ ಮನಷಾ ಆಮ್ಯಾಲೆ ಏನಾದ ಗೊತ್ತೈತೇನು? ನೋಡು ಒಮ್ಮೆ."

ಅವತ್ತು ರಾತ್ರಿ ಎಕ್ಸೆಲ್ ಬದಲು ಮೈಯರ್‌ನನ್ನು ಹುಡುಕಿದೆ.

2001ರ ಆಗಸ್ಟ್ 24. ಮೂರನೇ ವಿಶ್ವಕಪ್ ಗೆದ್ದು ಆರು ತಿಂಗಳಾಗಿರಲಿಲ್ಲ. ಬೈಕಿನಲ್ಲಿ ಮನೆಗೆ ಹೋಗುತ್ತಿದ್ದಾಗ ರಾಡ್‌ಷ್ಟಾಟ್ ಎಂಬ ಊರಿನ ಹತ್ತಿರ ಕಾರಿಗೆ ಡಿಕ್ಕಿ. ಬಲಗಾಲಿನ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಕಾಲು ತೆಗೆಯಬೇಕಾದೀತು ಎನ್ನುವ ಮಾತೂ ಬಂತು. ಏಳು ಗಂಟೆಯ ಆಪರೇಷನ್. ಕಾಲು ಉಳಿಯಿತು, ಟೈಟಾನಿಯಂ ಸರಳು ಸೇರಿತು. 2002ರ ಫೆಬ್ರವರಿಯ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಕೈತಪ್ಪಿತು. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬಿದ್ದರೂ ಏನೂ ಆಗದವನಿಗೆ ಮನೆ ಹತ್ತಿರದ ರಸ್ತೆಯಲ್ಲಿ ಹೀಗಾಯಿತು. ಇದನ್ನು ಓದುವಾಗ ನನಗೆ ತೆಂಗಿನಕಾಯಿ ಚೀಲ ನೆನಪಾಯಿತು.

ಶುಕ್ರವಾರ ಬಿದ್ದು ಸೋಮವಾರ ಗೆದ್ದದ್ದು ದೊಡ್ಡ ಕಥೆ, ಒಪ್ಪಿದೆ. ಆದರೆ ಅದರಲ್ಲಿ ಅದೃಷ್ಟವೂ ಇತ್ತು. ಹಿಮ ಮೆತ್ತಗಿತ್ತು, ಎಲುಬು ಮುರಿಯಲಿಲ್ಲ, ಹವಾಮಾನ ಕೆಟ್ಟು ಸೂಪರ್-ಜಿ ಮುಂದಕ್ಕೆ ಹೋಯಿತು. ಅವತ್ತಿನ ಮೈಯರ್‌ಗೆ ಹೆದರಲು ಸಮಯವೇ ಸಿಕ್ಕಿರಲಿಕ್ಕಿಲ್ಲ. 2001ರಲ್ಲಿ ಸಮಯ ಬೇಕಾದಷ್ಟು ಸಿಕ್ಕಿತು. ಹಾಸಿಗೆ, ಊರುಗೋಲು, ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್. ಗಂಟೆಗಟ್ಟಲೆ ಆ ಸೈಕಲ್ ತುಳಿಯುವುದು ಅವನ ಹಳೆಯ ಅಭ್ಯಾಸ, ಈಗ ಅದೇ ಕೈಹಿಡಿಯಿತು. ಅತ್ತ ಬೆಟ್ಟದ ಮೇಲೆ ಅವನಿಲ್ಲದೆ ಸ್ಪರ್ಧೆಗಳು ನಡೆದೇ ಇದ್ದವು. ವರ್ಷಗಟ್ಟಲೆ ಅವನ ಹಿಂದೆ ಎರಡನೆಯವನಾಗಿ ನಿಲ್ಲುತ್ತಿದ್ದ ಸ್ಟೆಫಾನ್ ಎಬರ್‌ಹಾರ್ಟರ್ 2002ರ ವಿಶ್ವಕಪ್ ಗೆದ್ದ, 2003ರದ್ದನ್ನೂ ಗೆದ್ದ. ಎಬರ್‌ಹಾರ್ಟರ್‌ನದು ಮತ್ತೊಂದು ಬಗೆಯ ತಾಳ್ಮೆ. 1991ರಲ್ಲಿ ವಿಶ್ವ ಚಾಂಪಿಯನ್ ಆಗಿ, ಗಾಯಗಳಿಂದ ವರ್ಷಾನುಗಟ್ಟಲೆ ಹಿಂದೆ ಬಿದ್ದು, ಮತ್ತೆ ಎದ್ದವನು. ನಾವು ರಜೆಯಲ್ಲಿದ್ದರೂ ಶಾಖೆ ಬಾಗಿಲು ತೆರೆಯುತ್ತದೆ, ನಮ್ಮ ಕುರ್ಚಿಯಲ್ಲಿ ಇನ್ನೊಬ್ಬ ಯೋಗ್ಯನೇ ಕೂತಿರುತ್ತಾನೆ.

2003ರ ಜನವರಿ 14. ಸ್ವಿಟ್ಸರ್‌ಲೆಂಡಿನ ಆಡೆಲ್‌ಬೋಡೆನ್‌ನಲ್ಲಿ ಜೈಂಟ್ ಸ್ಲಾಲಂ. ಅಪಘಾತವಾಗಿ ಹದಿನೇಳು ತಿಂಗಳಿಗೆ ಸ್ವಲ್ಪ ಕಡಿಮೆ. ಮೈಯರ್ ವಾಪಸ್ ಬಂದ. ಮೊದಲೇ ಹೇಳಿದೆನಲ್ಲ, ಜೈಂಟ್ ಸ್ಲಾಲಂಗೆ ಎರಡು ಓಟ. ಮೊದಲನೆಯದರಲ್ಲಿ ಮೂವತ್ತರೊಳಗೆ ಬಂದವರಿಗೆ ಮಾತ್ರ ಎರಡನೆಯದು. ಮೈಯರ್ ಬಂದದ್ದು ಮೂವತ್ತೊಂದನೆಯವನಾಗಿ. ಮೂರು ಸಲದ ವಿಶ್ವವಿಜೇತ, ಒಂದೇ ಒಂದು ಸ್ಥಾನ ಆಚೆ. ಅಂಕ ಸೊನ್ನೆ.

ಹದಿಮೂರು ದಿನ ಬಿಟ್ಟು, ಜನವರಿ 27ರಂದು, ಅವನು ಕಿಟ್ಸ್‌ಬ್ಯೂಲ್‌ನಲ್ಲಿ ಸೂಪರ್-ಜಿ ಗೆದ್ದ. ಸ್ವಂತ ದೇಶದ ಜನರ ಮುಂದೆ. ಎಲ್ಲರೂ ಹೇಳುವುದು ಅದನ್ನೇ, ವಿಡಿಯೋಗಳಲ್ಲಿ ಕಾಣುವುದೂ ಅದೇ. ಮುಂದಿನ ತಿಂಗಳು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ, 2004ರಲ್ಲಿ ನಾಲ್ಕನೇ ಸಲ ವಿಶ್ವಕಪ್, 2005ರಲ್ಲಿ ಜೈಂಟ್ ಸ್ಲಾಲಂ ವಿಶ್ವ ಚಾಂಪಿಯನ್, 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. 2009ರ ಅಕ್ಟೋಬರ್‌ನಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಆಟ ಬಿಟ್ಟ. ಒಟ್ಟು ವಿಶ್ವಕಪ್ ಗೆಲುವು 54, ಅದರಲ್ಲಿ 24 ಸೂಪರ್-ಜಿ, 15 ಡೌನ್‌ಹಿಲ್. ಅಪಘಾತದ ನಂತರ ಮಾತ್ರ ಆ 2000 ಅಂಕದ ಹತ್ತಿರ ಅವನು ಮತ್ತೆ ಸುಳಿಯಲಿಲ್ಲ.

ನಾನು ಆ ರಾತ್ರಿ ನಿಂತದ್ದು ಕಿಟ್ಸ್‌ಬ್ಯೂಲ್‌ನಲ್ಲಲ್ಲ, ಆಡೆಲ್‌ಬೋಡೆನ್‌ನಲ್ಲಿ. ಗೆಲ್ಲುವುದು ಅವನಿಗೆ ಗೊತ್ತಿದ್ದ ವಿದ್ಯೆ. ಗೊತ್ತಿಲ್ಲದ್ದು ಮೂವತ್ತೊಂದನೆಯವನಾಗುವುದು. ಸಾವಿರಾರು ಜನ ನೋಡುತ್ತಿರುವಾಗ, ಹಿಂದೆ ತನ್ನ ಹತ್ತಿರಕ್ಕೂ ಬಾರದವರ ಹಿಂದೆ ನಿಲ್ಲುವುದು. ಇನ್ನೂ ಎರಡು ತಿಂಗಳು ಅಭ್ಯಾಸ ಮಾಡಿ, ಗೆಲ್ಲುವ ಖಾತ್ರಿಯಾದ ಮೇಲೆ ಬರುತ್ತೇನೆ ಅಂತ ಕೂತಿದ್ದರೆ ಆ 27ನೇ ತಾರೀಕು ಬರುತ್ತಲೇ ಇರಲಿಲ್ಲವೇನೋ. ನಾನು ಕಾಯುತ್ತಿದ್ದದ್ದೂ ಹಾಗೆಯೇ ಅಲ್ಲವೇ? ಮೊದಲಿನ ಹಾಗೆ ಓಡುವ ಟ್ರೇನ್ ಹತ್ತುವ ಧೈರ್ಯ ಬರಲಿ, ಆಮೇಲೆ ಸ್ಟೇಷನ್ನಿಗೆ ಹೋಗುತ್ತೇನೆ ಅಂತ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬ್ಯಾಂಕಿನವನಾಗಿ ನನಗೆ ಗೊತ್ತು, ಸಾಲ ತೆಗೆದು ಉದ್ಧಾರವಾದವನ ಫೋಟೋ ಮಾತ್ರ ಕ್ಯಾಲೆಂಡರಿನಲ್ಲಿ ಬರುತ್ತದೆ. ಮುಳುಗಿದವನ ಫೈಲು ಕಪಾಟಿನಲ್ಲಿರುತ್ತದೆ. ಈ ವೇಗದ ಆಟದ ಕಪಾಟಿನಲ್ಲೂ ಬಹಳ ಫೈಲುಗಳಿವೆ. ಮೈಯರ್ ಬಿದ್ದ ದಿನ ನಾಗಾನೋದಲ್ಲಿ ಡೌನ್‌ಹಿಲ್ ಚಿನ್ನ ಗೆದ್ದವನು ಫ್ರಾನ್ಸಿನ ಜಾನ್-ಲುಕ್ ಕ್ರೆತಿಯೇ. ಒಂದೇ ಒಂದು ವಿಶ್ವಕಪ್ ಸ್ಪರ್ಧೆಯನ್ನೂ ಗೆಲ್ಲದವನಿಗೆ ಒಲಿಂಪಿಕ್ ಚಿನ್ನ! ಅದೇ ವರ್ಷ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ಬಿದ್ದು ಅವನ ಆಟವೇ ಮುಗಿಯಿತು. 1994ರ ಜನವರಿಯಲ್ಲಿ ಗಾರ್ಮಿಶ್‌ನ ಡೌನ್‌ಹಿಲ್‌ನಲ್ಲಿ ಬಿದ್ದ ಆಸ್ಟ್ರಿಯಾದ ಉಲ್ರಿಕೆ ಮೈಯರ್ ಬದುಕಲಿಲ್ಲ. ಎರಡು ಸಲ ವಿಶ್ವ ಚಾಂಪಿಯನ್, ಒಂದು ಮಗುವಿನ ತಾಯಿ.

ಹರ್ಮನ್‌ನ ತಂಡದಲ್ಲೇ ಇದ್ದ ಮಥಿಯಾಸ್ ಲಾನ್ಸಿಂಗರ್ 2008ರ ಮಾರ್ಚ್‌ನಲ್ಲಿ ನಾರ್ವೆಯ ಸೂಪರ್-ಜಿಯಲ್ಲಿ ಬಿದ್ದ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅದೇ ಆಟ, ಅದೇ ದೇಶ, ಹರ್ಮನ್‌ನ ಹಾಗೇ ಕಷ್ಟಪಟ್ಟವನು. ಒಬ್ಬನ ಕಾಲು ಉಳಿಯಿತು, ಇನ್ನೊಬ್ಬನದು ಉಳಿಯಲಿಲ್ಲ. ಮನಸ್ಸು ಗಟ್ಟಿ ಇದ್ದರೆ ಎಲ್ಲ ಸಾಧ್ಯ ಅಂತ ವಾಟ್ಸಾಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಳಿಸುವವರು ಲಾನ್ಸಿಂಗರ್‌ಗೆ ಏನು ಹೇಳುತ್ತಾರೋ. ಆದರೆ ಅವನೂ ಮನೆಯಲ್ಲಿ ಕೂರಲಿಲ್ಲ. 2014ರ ಸೋಚಿ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಕೀ ಕಟ್ಟಿಕೊಂಡೇ ಎರಡು ಬೆಳ್ಳಿ ಗೆದ್ದ. ಈಚೆಗೆ, 2024-25ರ ಋತುವಿನಿಂದ, ವಿಶ್ವಕಪ್ಪಿನ ವೇಗದ ಸ್ಪರ್ಧೆಗಳಲ್ಲಿ ಬಟ್ಟೆಯೊಳಗೆ ಏರ್‌ಬ್ಯಾಗ್ ಕಡ್ಡಾಯ ಮಾಡಿದ್ದಾರೆ. ಬೀಳುವುದು ನಿಲ್ಲುವುದಿಲ್ಲ, ಪೆಟ್ಟು ಸ್ವಲ್ಪ ಕಡಿಮೆಯಾದೀತು.

ಹೀಗಾಗಿ, ಮೈಯರ್ ಗೆದ್ದ ಅಂತ ನಾನು ಧೈರ್ಯ ತಂದುಕೊಂಡೆ ಅಂತ ಬರೆದರೆ ಅದು ಸುಳ್ಳು. ಗೆಲ್ಲುವುದು ಬಿಡುವುದು ಅವನ ಕೈಯಲ್ಲೂ ಪೂರ್ತಿ ಇರಲಿಲ್ಲ. ಆಡೆಲ್‌ಬೋಡೆನ್‌ನಲ್ಲಿ ಬಾಗಿಲ ಬಳಿ ಹೋಗಿ ನಿಂತು ಹೊರಡುವುದು ಮಾತ್ರ ಅವನ ಕೈಯಲ್ಲಿತ್ತು. ಅಷ್ಟು ನನ್ನಿಂದ ಆದೀತೇನೋ ಅನ್ನಿಸಿತು.

ಮರುದಿನ ರಜೆ ಹಾಕಿದೆ. ಹೆಂಡತಿಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬರುತ್ತೇನೆ ಅಂತ ಹೇಳಿ (ಬ್ಯಾಂಕಿನವನು ಹೇಳುವ ಸುಳ್ಳೂ ಬ್ಯಾಂಕಿನದ್ದೇ) ಬೆಳಿಗ್ಗೆ ಹನ್ನೊಂದೂವರೆಗೆ ಸ್ಟೇಷನ್ನಿಗೆ ಹೋದೆ. ಜನ ಕಡಿಮೆ ಇರುವ ಹೊತ್ತು. ಬೆಂಚಿನ ಮೇಲೆ ಕೂತು ಎರಡು ಟ್ರೇನ್ ಬಿಟ್ಟೆ. ಮೂರನೆಯದು ಸ್ಲೋ. ಕಂಬ ಹಿಡಿದುಕೊಂಡು, ಬಲಗಾಲು ಮೊದಲು ಇಡಲೋ ಎಡಗಾಲು ಮೊದಲು ಇಡಲೋ ಅಂತ ಮದುಮಗಳ ಹಾಗೆ ಯೋಚಿಸಿ, ಹತ್ತಿದೆ. ಕಾಲೇಜು ಹುಡುಗನೊಬ್ಬ ಸೀಟು ಬಿಟ್ಟುಕೊಟ್ಟ. ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಸೀಟು ಬಿಟ್ಟದ್ದಿಲ್ಲ. ಅವಮಾನವಾಯಿತು, ಕೂತೆ.

ಡೊಂಬಿವಲಿ ಬಿಟ್ಟರೆ ಮುಂದಿನ ಸ್ಟೇಷನ್ ಕೋಪರ್. ಮೂರು ನಾಲ್ಕು ನಿಮಿಷದ ದಾರಿ. ಅಲ್ಲೇ ಇಳಿದೆ. ಅಂಗಿಯ ಬೆನ್ನು ಪೂರ್ತಿ ಒದ್ದೆ. ಒಂದು ಕಟಿಂಗ್ ಚಾಯ್ ಕುಡಿದು ಎದುರಿನ ಪ್ಲಾಟ್‌ಫಾರ್ಮಿನಿಂದ ವಾಪಸ್ ಬಂದೆ. ಮನೆಯಲ್ಲಿ ಹೆಂಡತಿ ಬಾಗಿಲು ತೆರೆದು ಕಾಲಿನಿಂದ ತಲೆಯ ತನಕ ನೋಡಿ, "ಪಾಸ್‌ಬುಕ್ ಮನೆಯಲ್ಲೇ ಇದೆ," ಅಂದಳು. ಅಷ್ಟೇ. ಮತ್ತೇನೂ ಕೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಹೆಸರುಬೇಳೆ ಪಾಯಸ ಇತ್ತು.

ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದೆ. "ಎಷ್ಟನೇ ನಂಬರ್ ಬಂದ್ಯೋ?" ಅಂತ ಕೇಳಿದ.

"ಮೂವತ್ತೊಂದು," ಅಂದೆ.

ಅವನಿಗೆ ಏನು ಅರ್ಥವಾಯಿತೋ, ಜೋರಾಗಿ ನಕ್ಕ.

ಆ ವಾರ ದಿವಾ ತನಕ ಹೋದೆ, ಮುಂದಿನ ವಾರ ಠಾಣೆ. ತಿಂಗಳು ಕಳೆದ ಮೇಲೆ ಆಫೀಸಿನ ತನಕ. ನನಗೆ ಕಿಟ್ಸ್‌ಬ್ಯೂಲ್ ಬರಲಿಲ್ಲ, ಬರುವುದೂ ಇಲ್ಲ. ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನೇತಾಡುವುದು ಮುಗಿಯಿತು. ಅರ್ಧ ಗಂಟೆ ಬೇಗ ಹೊರಟು ಸ್ಲೋ ಹಿಡಿಯುತ್ತೇನೆ, ಜನ ಜಾಸ್ತಿ ಇದ್ದರೆ ಒಂದು ಬಿಟ್ಟು ಇನ್ನೊಂದಕ್ಕೆ ಕಾಯುತ್ತೇನೆ. ಆ ಸಂದನ್ನು ದಾಟುವಾಗ ಇವತ್ತಿಗೂ ಒಮ್ಮೆ ಕೆಳಗೆ ನೋಡುತ್ತೇನೆ. ಮನೆ ಸಾಲ ತೀರಿತು, ಮಗಳು ಕೆಲಸಕ್ಕೆ ಸೇರಿದಳು. ಸ್ವಯಂನಿವೃತ್ತಿಯ ಅರ್ಜಿ ಅದೇ ಡ್ರಾಯರಿನಲ್ಲಿದೆ. ಹರಿದು ಹಾಕಿಲ್ಲ, ಯಾಕೆ ಅಂತ ಕೇಳಬೇಡಿ.

ಬರೆಯುತ್ತಾ ಬರೆಯುತ್ತಾ ಕಾಲು ಸೆಳೆಯಲಿಕ್ಕೆ ಶುರುವಾಗಿದೆ. ನಾಳೆ ಮಳೆ ಬರುತ್ತದೆ, ಬೇಕಾದರೆ ನೋಡಿ. ಕೊಡೆ ತೆಗೆದಿಡಬೇಕು. ನಾಳೆ ಸೋಮವಾರ ಬೇರೆ.